ಕೆಳಗಿನ ಸೆಟ್ಟು ನಿಲ್ಲದ ಅಜ್ಜಿ: ನಾಲ್ಕು ಇಂಪ್ಲಾಂಟ್‌ಗಳ ಒಂದು ಪ್ರಕರಣ

ಸಂಕ್ರಾಂತಿ ಕಳೆದ ಐದನೇ ದಿನ ಅಜ್ಜಿಯನ್ನು ಅವರ ಮಗ ನನ್ನ ಕ್ಲಿನಿಕ್‌ಗೆ ಕರೆತಂದರು. ವಯಸ್ಸು 72. ತಿಪಟೂರು ಕಡೆಯ ಹಳ್ಳಿ, ತೆಂಗಿನ ತೋಟದ ಮನೆ. ಎಡಗೆನ್ನೆ ಸ್ವಲ್ಪ ಊದಿತ್ತು. ಹಲ್ಲಿನ ಸೆಟ್ಟು ತೆಗೆಸಿ ನೋಡಿದೆ. ಕೆಳವಸಡಿನ ಎಡಗಡೆ ಕಡಲೆಕಾಳಿನಷ್ಟು ಹುಣ್ಣು. ಅದರ ಅಂಚಿನಲ್ಲಿ ಒಂದು ಎಳ್ಳು ಸಿಕ್ಕಿಕೊಂಡಿತ್ತು.

“ಹಬ್ಬದ ದಿನ ಮೊಮ್ಮಕ್ಳು ಎಳ್ಳು ಬೀರಿ ಬಂದ್ರು. ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡೆ ಡಾಕ್ಟ್ರಮ್ಮ, ಅಷ್ಟೇ” ಎಂದರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಹೇಳಿದರು. ಅದು ನನಗೆ ತುಂಬ ನಾಟಿತು. ಕೊಬ್ಬರಿ ಒಣಗುವ ಅಟ್ಟದ ಕೆಳಗೇ ಬದುಕು ಕಳೆದವರು. ಎಳ್ಳಿಗೆ ಬೇಕಾದ ಕೊಬ್ಬರಿಯನ್ನು ಪ್ರತಿವರ್ಷ ಸಣ್ಣಗೆ ಹೆಚ್ಚಿ ಕೊಡುವವರೂ ಅವರೇ. ತಿನ್ನಲು ಮಾತ್ರ ಆಗುತ್ತಿರಲಿಲ್ಲ.

ಬಾಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಹಲ್ಲು ಕಟ್ಟುವುದೇ ನನ್ನ ಕೆಲಸ. ಅಜ್ಜಿಯ ಮತ್ತು ಮನೆಯವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ಮನೆಯಂಥ ಮನೆಗಳು ಬಹಳ ಇವೆ. “ಅಮ್ಮನಿಗೆ ಫಿಕ್ಸ್ ಹಲ್ಲು ಹಾಕಿಸಬೇಕು, ಎಷ್ಟಾಗುತ್ತೆ?” ಎಂದು ಫೋನ್ ಮಾಡುವ ಮಕ್ಕಳೂ ಬಹಳ ಜನ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ಮುದ್ದೆ ಮುಚ್ಚಿಟ್ಟ ತೊಂದರೆ

ಮಗ ಮೊದಲು ಹೇಳಿದ ಮಾತು, “ಮೇಡಂ, ಅಮ್ಮ ಊಟ ಚೆನ್ನಾಗೇ ಮಾಡ್ತಾರೆ.” ಅದು ಸುಳ್ಳಲ್ಲ. ದಿನಾ ಎರಡು ಹೊತ್ತು ಮುದ್ದೆ, ಸಾರು. ಆದರೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಅಲ್ವಾ? ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತೇವೆ. ಜೋಳದ ರೊಟ್ಟಿ ತಿನ್ನುವ ಮನೆಯಾಗಿದ್ದರೆ ಒಂದೇ ವಾರಕ್ಕೆ ಗೊತ್ತಾಗುತ್ತಿತ್ತು. ಇಲ್ಲಿ ಅಜ್ಜಿ ಎರಡು ವರ್ಷ ಯಾರಿಗೂ ತಿಳಿಯದಂತೆ ಸಾಗಿಸಿದ್ದರು.

ನಾನು ಸೊಸೆಯನ್ನು ಬೇರೆ ಕೂರಿಸಿ ಕೇಳಿದೆ. ತಟ್ಟೆಯಲ್ಲಿ ಏನು ಉಳಿಯುತ್ತದೆ? ಅವರು ಯೋಚಿಸಿ ಹೇಳಿದರು. ಹುರುಳಿಕಾಯಿ ಪಲ್ಯ ಉಳಿಯುತ್ತದೆ. ಕೋಸಂಬರಿ ಮುಟ್ಟುವುದಿಲ್ಲ. ಕೋಳಿ ಸಾರು ಮಾಡಿದರೆ ಸಾರು ಮಾತ್ರ, ತುಂಡು ಮೊಮ್ಮಗನಿಗೆ. ಸೀಬೆಹಣ್ಣು ಬಿಟ್ಟು ಎಷ್ಟೋ ದಿನವಾಗಿದೆ. ಮದುವೆ ಮನೆಗೆ ಹೋದರೆ “ಹೊಟ್ಟೆ ಸರಿಯಿಲ್ಲ” ಎಂದು ಪಂಕ್ತಿಯಲ್ಲಿ ಕೂರುವುದೇ ಇಲ್ಲ. ಹೇಳುತ್ತಾ ಹೇಳುತ್ತಾ ಸೊಸೆಗೆ ಅಳು ಬಂತು. “ಅತ್ತೆಗೆ ವಯಸ್ಸಾಯ್ತು, ಅದಕ್ಕೇ ಬೇಡ ಅಂತಾರೆ ಅಂದ್ಕೊಂಡಿದ್ದೆ” ಎಂದರು.

ತೂಕ 46 ಕಿಲೋ. ಎರಡು ವರ್ಷದಲ್ಲಿ 5 ಕಿಲೋ ಇಳಿದಿತ್ತು. ಹಿಮೋಗ್ಲೋಬಿನ್ 9.8, ಕಡಿಮೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 9.1, ಬಹಳ ಜಾಸ್ತಿ. ಮೆತ್ತಗಿನ ಅನ್ನ, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು, ಬನ್ನು. ನುಂಗಲು ಸುಲಭವಾದ ಇವೆಲ್ಲ ಸಕ್ಕರೆಗೆ ಒಳ್ಳೆಯವಲ್ಲ.

ಬಾಯಿಯ ಸ್ಥಿತಿ ಹೀಗಿತ್ತು. ವಸಡು ಸಡಿಲವಾಗಿ 53ನೇ ವಯಸ್ಸಿಗೇ ಎಲ್ಲ ಹಲ್ಲು ತೆಗೆಸಿದ್ದರು. 19 ವರ್ಷದಲ್ಲಿ ಮೂರು ಸೆಟ್ಟು. ಈಗಿನದು ಆರು ವರ್ಷ ಹಳೆಯದು. ಹಲ್ಲು ಸವೆದು ಮುಖದ ಎತ್ತರ ಕುಗ್ಗಿತ್ತು. ಗಲ್ಲ ಮೂಗಿನ ಕಡೆ ಬಂದಿತ್ತು, ತುಟಿಯ ಮೂಲೆಗಳು ಒಡೆದಿದ್ದವು. ಅಂಗುಳು ಕೆಂಪಗಿತ್ತು. ರಾತ್ರಿಯೂ ಸೆಟ್ಟು ತೆಗೆಯುತ್ತಿರಲಿಲ್ಲ. ಹಾಗೆ ಮಾಡಿದರೆ ಸೆಟ್ಟಿನ ಅಡಿಯಲ್ಲಿ ಫಂಗಸ್ ಬೆಳೆಯುತ್ತದೆ. ಇಷ್ಟಿದ್ದರೂ ಮೇಲಿನ ಸೆಟ್ಟು ಗಟ್ಟಿಯಾಗಿ ಕೂತಿತ್ತು. ಕೆಳಗಿನದು ಬಾಯಿ ತೆರೆದರೆ ತೇಲುತ್ತಿತ್ತು.

ಕೆಳಗಿನದೇ ಯಾಕೆ ತೇಲುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನ ನಿರ್ಧಾರವೆಲ್ಲ ಇದರ ಮೇಲೇ ನಿಂತಿದೆ.

ಮೇಲಿನ ಸೆಟ್ಟು ಇಡೀ ಅಂಗುಳನ್ನು ಮುಚ್ಚುತ್ತದೆ. ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟರೆ ಅಂಟಿಕೊಳ್ಳುತ್ತದಲ್ಲ, ಹಾಗೆ ಎಂಜಲಿನ ತೆಳು ಪದರ ಅದನ್ನು ಹಿಡಿದಿಡುತ್ತದೆ. ಕೆಳಗಿನ ಸೆಟ್ಟು ಕುದುರೆ ಲಾಳದ ಆಕಾರ. ಹಿಡಿತಕ್ಕೆ ಜಾಗವೇ ಕಡಿಮೆ. ಜೊತೆಗೆ ಒಳಗಿನಿಂದ ನಾಲಿಗೆ ತಳ್ಳುತ್ತದೆ, ಹೊರಗಿನಿಂದ ಕೆನ್ನೆ.

ಹಲ್ಲು ಹೋದ ಮೇಲೆ ದವಡೆಯ ಮೂಳೆಯೂ ಕರಗುತ್ತಾ ಹೋಗುತ್ತದೆ. ಸೆಟ್ಟು ಹಾಕಿಕೊಂಡವರನ್ನು 25 ವರ್ಷ ಹಿಂಬಾಲಿಸಿ ನೋಡಿದ ಟಾಲ್‌ಗ್ರೆನ್ ಅವರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕರಗುತ್ತದೆ ಎಂದು ಅದರಲ್ಲಿ ಕಂಡಿತು. ಅಜ್ಜಿಯ ಕೆಳದವಡೆ ಹಾಗೇ ಸವೆದು, ಮೇಲಂಚು ಚಾಕುವಿನ ಹಾಗೆ ಚೂಪಾಗಿತ್ತು. ಆ ಚೂಪಿನ ಮೇಲೆ ತೆಳು ವಸಡು, ಅದರ ಮೇಲೆ ಸೆಟ್ಟಿನ ಗಟ್ಟಿ ಅಕ್ರಿಲಿಕ್ ಪ್ಲಾಸ್ಟಿಕ್. ಪ್ರತಿ ತುತ್ತಿಗೂ ವಸಡು ನಡುವೆ ಸಿಕ್ಕಿ ಜಜ್ಜುತ್ತಿತ್ತು. ಪೂರ್ತಿ ಸೆಟ್ಟು ಹಾಕಿಕೊಂಡವರು ಸ್ವಂತ ಹಲ್ಲಿರುವವರ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಬಲದಲ್ಲಿ ಮಾತ್ರ ಕಚ್ಚಬಲ್ಲರು. ನೋವಿದ್ದರೆ ಅದೂ ಇಲ್ಲ.

ಮೊದಲ ನಾಲ್ಕು ತಿಂಗಳು

ಮಗ ಬಂದದ್ದು ಒಂದು ಜಾಹೀರಾತು ನೋಡಿ. ಒಂದೇ ದಿನದಲ್ಲಿ ಫಿಕ್ಸ್ ಹಲ್ಲು, ಮೇಲೂ ಕೆಳಗೂ. ಬೆಂಗಳೂರಿನ ಒಂದು ಕ್ಲಿನಿಕ್ ಎರಡೂ ದವಡೆಗೆ 6 ಲಕ್ಷ ಹೇಳಿತ್ತಂತೆ. ಆದಷ್ಟು ಬೇಗ ಮುಗಿಸಬೇಕು ಎಂಬ ಅವಸರ ಅವರಿಗೆ. ಅಮ್ಮನ ಮೇಲಿನ ಪ್ರೀತಿಯ ಅವಸರ ಅದು.

ನಾನು ಮಾಡಿದ ಮೊದಲ ಕೆಲಸ ಬಹಳ ಸಣ್ಣದು. ಹುಣ್ಣಿನ ಜಾಗದಲ್ಲಿ ಸೆಟ್ಟನ್ನು ಕೆರೆದು ಬಿಡುವು ಮಾಡಿದೆ. ಒಳಗೆ ಮೆತ್ತನೆಯ ಲೈನಿಂಗ್ ಹಾಕಿದೆ. ಫಂಗಸ್‌ಗೆ ಔಷಧಿ ಕೊಟ್ಟೆ. ರಾತ್ರಿ ಎರಡೂ ಸೆಟ್ಟು ತೆಗೆದು ನೀರಿನಲ್ಲಿಡಲು ಹೇಳಿದೆ. ಸಕ್ಕರೆಗೆ ಅವರ ಡಾಕ್ಟರ ಹತ್ತಿರ ಕಳಿಸಿದೆ. ಎರಡು ವಾರದಲ್ಲಿ ಹುಣ್ಣು ಮಾಯ್ತು. ಯಾವ ಬಾಯಲ್ಲೇ ಆಗಲಿ, ಎರಡು ವಾರ ಕಳೆದೂ ಮಾಯದ ಹುಣ್ಣಿದ್ದರೆ ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು. ಎಲೆ ಅಡಿಕೆ ಅಭ್ಯಾಸವಿದ್ದವರಲ್ಲಂತೂ ತಪ್ಪಿಸುವ ಹಾಗೇ ಇಲ್ಲ. ಅಜ್ಜಿ ಊಟವಾದ ಮೇಲೆ ಅಡಿಕೆ ಚೂರು ಬಾಯಲ್ಲಿಟ್ಟುಕೊಳ್ಳುವವರು.

ಮಾರ್ಚ್‌ನಲ್ಲಿ ಹೊಸ ಸೆಟ್ಟು ಮಾಡಿದೆ. ಇಂಪ್ಲಾಂಟ್ ಎಂದರೆ ಹಲ್ಲು ನಿಲ್ಲಿಸಲು ದವಡೆಯ ಮೂಳೆಗೆ ಇಳಿಸುವ ಟೈಟಾನಿಯಂ ಸ್ಕ್ರೂ. ಅದನ್ನು ಹಾಕಿಸುವವರಿಗೆ ಮತ್ತೆ ಸೆಟ್ಟು ಯಾಕೆ ಎಂದು ಮಗ ಕೇಳಿದರು. ಮನೆ ಕಟ್ಟುವ ಮೊದಲು ನಕ್ಷೆ ಬೇಕಲ್ಲ. ಹಲ್ಲು ಎಲ್ಲಿ ನಿಲ್ಲಬೇಕು, ಮುಖದ ಎತ್ತರ ಎಷ್ಟಿರಬೇಕು ಎಂದು ಸೆಟ್ಟಿನಲ್ಲೇ ಮೊದಲು ಗೊತ್ತಾಗಬೇಕು. ಆಮೇಲೆ ಮೂಳೆಯಲ್ಲಿ ಸ್ಕ್ರೂ ಎಲ್ಲಿ ಎಂದು ನಿರ್ಧಾರ. ಇನ್ನೊಂದು ಕಾರಣವೂ ಇತ್ತು. ಚೆನ್ನಾಗಿ ಮಾಡಿದ ಸೆಟ್ಟಿನಲ್ಲೇ ಎಷ್ಟೋ ಜನರ ತೊಂದರೆ ಮುಗಿದುಹೋಗುತ್ತದೆ. ಅವರಿಗೆ ಆಪರೇಷನ್ ಯಾಕೆ? ಬಿಪಿಎಲ್ ಕುಟುಂಬದ ಹಿರಿಯರಿಗೆ ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಡೆಂಟಲ್ ಕಾಲೇಜುಗಳ ಮೂಲಕ ಪೂರ್ತಿ ಸೆಟ್ಟು ಉಚಿತವಾಗಿ ಸಿಗುತ್ತದೆ. ಇಷ್ಟು ದುಡ್ಡು ಹೊಂದಿಸಲಾಗದ ಮನೆಯವರು ಅದನ್ನು ವಿಚಾರಿಸಲೇಬೇಕು.

ಹೊಸ ಸೆಟ್ಟಿನಿಂದ ಅಜ್ಜಿಯ ಮುಖ ತುಂಬಿತು. ತುಟಿಯ ಮೂಲೆ ಒಣಗಿತು. ಮೇಲಿನದು ಭದ್ರವಾಗಿ ನಿಂತಿತು. ಕೆಳಗೆ ಮಾತ್ರ ತಿಂಗಳೊಳಗೆ ಮತ್ತೆ ಎರಡು ಕಡೆ ಹುಣ್ಣು. ಚೂಪು ಮೂಳೆ ಇರುವವರೆಗೆ ಇದು ತಪ್ಪುವುದಿಲ್ಲ ಎಂದು ಆಗ ನಮಗೆಲ್ಲ ಖಾತ್ರಿಯಾಯಿತು.

ಎರಡೋ, ನಾಲ್ಕೋ

ಕೆಳದವಡೆಗೆ ನಾನು ಮೊದಲು ಹೇಳಿದ್ದು ಎರಡು ಇಂಪ್ಲಾಂಟ್. ಮುಂದುಗಡೆ ಎರಡು ಸ್ಕ್ರೂ, ಅದರ ಮೇಲೆ ಪ್ರೆಸ್ ಬಟನ್ ಹಾಗೆ ಕೂರುವ ಸೆಟ್ಟು. ತೆಗೆದು ತೊಳೆಯಬಹುದು. ಖರ್ಚು ಕಡಿಮೆ. 2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕು ಎಂದಿದ್ದರು. ನನಗೂ ಇದು ಬಹಳ ಇಷ್ಟದ ಚಿಕಿತ್ಸೆ.

ಆದರೆ ಅಜ್ಜಿಯ ಕೈ ನೋಡಿ ಮನಸ್ಸು ಬದಲಾಯಿಸಬೇಕಾಯಿತು. ಬೆರಳಿನ ಗಂಟುಗಳು ಊದಿದ್ದವು. ಮಾದರಿ ದವಡೆಯ ಮೇಲೆ ಬಟನ್ ಸೆಟ್ಟು ಕೂರಿಸಿ ಕೊಟ್ಟೆ. ಹಾಕಲು ಬಂತು. ತೆಗೆಯಲು ಹೆಬ್ಬೆರಳಿಗೆ ಬಲ ಸಾಲಲಿಲ್ಲ. ಮೂರು ಸಲ ಯತ್ನಿಸಿ ಸುಮ್ಮನೆ ಕೆಳಗಿಟ್ಟರು. “ನಾನು ತೆಗೆದುಕೊಡ್ತೀನಿ ಅತ್ತೆ” ಎಂದು ಸೊಸೆ ಹೇಳಿದರು. ಅಜ್ಜಿ ಒಪ್ಪಲಿಲ್ಲ. “ಬಾಯೊಳಗಿನ ಕೆಲ್ಸಕ್ಕೂ ಇನ್ನೊಬ್ರ ಕೈ ಕಾಯ್ಬೇಕಾ ನಾನು?” ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಹಾಗಾದರೆ ನಾಲ್ಕು ಇಂಪ್ಲಾಂಟ್ ಮೇಲೆ ಫಿಕ್ಸ್ ಹಲ್ಲು. ಅದನ್ನೂ ತೊಳೆಯಬೇಕು, ಬಾಯೊಳಗೇ, ದಿನಾ. ಅದಕ್ಕೂ ಕೈ ಬೇಕು. ಹಾಗಾಗಿ ಒಪ್ಪುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ಸಂದಿಗೆ ಹಾಕುವ ಸಣ್ಣ ಬ್ರಷ್ಷಿನ ಹಿಡಿಕೆ ಅವರಿಗೆ ತೀರಾ ತೆಳು. ಮೊಮ್ಮಗ ತನ್ನ ಹಳೇ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ಕತ್ತರಿಸಿ, ಬಟ್ಟೆ ತುರುಕಿ, ಬ್ರಷ್ ಸಿಕ್ಕಿಸಿ ತಂದ. ಅದು ಅಜ್ಜಿಯ ಮುಷ್ಟಿಗೆ ಸರಿಹೋಯಿತು. ನೀರು ಚಿಮ್ಮಿಸಿ ತೊಳೆಯುವ ಮೆಷಿನ್ ಹಿಡಿಯಲೂ ಬಂತು. ಮಾದರಿ ದವಡೆಯನ್ನು ಒಂದು ವಾರ ಮನೆಯಲ್ಲಿ ತೊಳೆದು ತಂದು ತೋರಿಸಿದರು. ಆಮೇಲೇ ನಾನು ಹೂಂ ಎಂದೆ.

ಮೇಲಿನ ದವಡೆಗೆ ಇಂಪ್ಲಾಂಟ್ ಬೇಡ ಎಂದೆ. ಅಲ್ಲಿ ಮೂಳೆ ಮೆದು, ಹಿಂದೆ ಸೈನಸ್ ಎಂಬ ಗಾಳಿ ಗೂಡು. ಎಲ್ಲಕ್ಕಿಂತ ಮುಖ್ಯವಾಗಿ, ಮೇಲಿನ ಸೆಟ್ಟಿನ ಬಗ್ಗೆ ಅಜ್ಜಿಗೆ ದೂರೇ ಇರಲಿಲ್ಲ. ಸರಿಯಿರುವುದನ್ನು ಮೂರು ಲಕ್ಷ ಕೊಟ್ಟು ರಿಪೇರಿ ಮಾಡಿಸುವುದು ಯಾಕೆ? ಆರೋಗ್ಯ ವಿಮೆಯೂ ಇದಕ್ಕೆ ಬರುವುದಿಲ್ಲ. ಅಪಘಾತದಲ್ಲಿ ಪೆಟ್ಟಾದರೆ ಬಿಟ್ಟು ಹೆಚ್ಚಿನ ಪಾಲಿಸಿಗಳು ಹಲ್ಲಿನ ಚಿಕಿತ್ಸೆಗೆ ದುಡ್ಡು ಕೊಡುವುದಿಲ್ಲ. ಕೊಬ್ಬರಿ ಮಾರಿದ ಹಣದಲ್ಲಿ ಆಗುವ ಕೆಲಸ ಇದು.

ನಾನು ಕೇಳದೇ ಬಿಟ್ಟ ಪ್ರಶ್ನೆ

ಆಪರೇಷನ್ನಿಗೆ ದಿನ ಗೊತ್ತು ಮಾಡಿದ ಮೇಲೆ ಸೊಸೆ ಹೊರಡುವಾಗ ಒಂದು ಮಾತು ಹೇಳಿದರು. “ಮೇಡಂ, ಅತ್ತೆಗೆ ವರ್ಷಕ್ಕೊಂದ್ಸಲ ಮೂಳೆಗೆ ಡ್ರಿಪ್ ಹಾಕ್ತಾರೆ. ಅದನ್ನ ಈ ತಿಂಗಳು ಹಾಕಿಸ್ಬೋದಾ?”

ನನಗೆ ಎದೆ ಝಲ್ಲೆಂದಿತು. ಅದು ಜೊಲೆಡ್ರಾನಿಕ್ ಆಸಿಡ್, ಮೂಳೆ ಸವೆತಕ್ಕೆ ಕೊಡುವ ಔಷಧಿ. ಎರಡು ಡೋಸ್ ಆಗಲೇ ಆಗಿತ್ತು. ಇದು ವರ್ಷಗಟ್ಟಲೆ ಮೂಳೆಯಲ್ಲೇ ಉಳಿಯುತ್ತದೆ. ಕೆಲವರಲ್ಲಿ ಹಲ್ಲು ಕಿತ್ತ, ದವಡೆ ಕೊರೆದ ಜಾಗ ಮಾಯದೆ ಮೂಳೆ ಸಾಯುತ್ತದೆ. ಕ್ಯಾನ್ಸರ್‌ಗೆ ಕೊಡುವ ದೊಡ್ಡ ಡೋಸ್‌ನಲ್ಲಿ ಈ ಅಪಾಯ ಜಾಸ್ತಿ. ಮೂಳೆ ಸವೆತದ ಡೋಸ್‌ನಲ್ಲಿ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ.

ತಪ್ಪು ನನ್ನದೇ. ಮೊದಲ ದಿನ “ಯಾವ ಮಾತ್ರೆ ತಗೊಳ್ತೀರಿ?” ಎಂದು ಕೇಳಿದ್ದೆ. ವರ್ಷಕ್ಕೊಮ್ಮೆ ಹಾಕುವ ಡ್ರಿಪ್ ಮಾತ್ರೆಯಲ್ಲವಲ್ಲ! ಅವರು ಸರಿಯಾಗೇ ಉತ್ತರ ಕೊಟ್ಟಿದ್ದರು. ಈಗ ನನ್ನ ಫಾರಂನಲ್ಲಿ ಬೇರೆ ಸಾಲೇ ಇದೆ: ವರ್ಷಕ್ಕೊಮ್ಮೆ ಡ್ರಿಪ್, ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚುವ ಇಂಜೆಕ್ಷನ್, ವಾರಕ್ಕೊಂದು ಮೂಳೆ ಮಾತ್ರೆ. ಆರು ತಿಂಗಳ ಇಂಜೆಕ್ಷನ್ ಡೆನೊಸುಮ್ಯಾಬ್ ಆಗಿದ್ದರೆ ಹಲ್ಲಿನ ನೆಪದಲ್ಲಿ ಮುಂದೂಡುವ ಹಾಗೂ ಇಲ್ಲ. ತಡವಾದರೆ ಬೆನ್ನುಮೂಳೆ ಮುರಿಯುವ ಭಯವಿದೆ. ಮನೆಯವರು ತಾವಾಗಿ ಏನನ್ನೂ ನಿಲ್ಲಿಸಬಾರದು.

ಮೂಳೆ ಡಾಕ್ಟರ ಜೊತೆ ಮಾತಾಡಿದೆ. ಗಾಯ ಪೂರ್ತಿ ಮಾಗಿದ ಮೇಲೆ ಮುಂದಿನ ಡೋಸ್ ಕೊಡೋಣ ಎಂದರು. ಅಪಾಯವನ್ನು ಅಜ್ಜಿಗೆ, ಮಗನಿಗೆ ಬಿಡಿಸಿ ಹೇಳಿದೆ. ಬೇಡವೆಂದರೂ ಸರಿ ಎಂದೆ. ಎರಡು ದಿನ ಬಿಟ್ಟು ಅಜ್ಜಿಯೇ ಫೋನ್ ಮಾಡಿಸಿ “ಮಾಡಿ” ಎಂದರು. ಅಷ್ಟು ಹೊತ್ತಿಗೆ ಎಚ್‌ಬಿಎ1ಸಿ 7.4ಕ್ಕೆ ಇಳಿದಿತ್ತು. ರಕ್ತ ಹೆಪ್ಪುಗಟ್ಟದಿರಲು ಅವರು ತಗೊಳ್ಳುತ್ತಿದ್ದ ಆಸ್ಪಿರಿನ್ ಮಾತ್ರೆ ನಿಲ್ಲಿಸಲಿಲ್ಲ.

ಜೂನ್

ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ನಲ್ಲಿ ದವಡೆಯ ಮುಂಭಾಗದಲ್ಲಿ ಮೂಳೆಯ ಎತ್ತರ 19 ಮಿಲಿಮೀಟರ್. ಹಿಂಭಾಗದಲ್ಲಿ ನರದ ಮೇಲೆ ಉಳಿದಿದ್ದು 6 ಮಿಲಿಮೀಟರ್ ಅಷ್ಟೇ. ಆ ನರ ದವಡೆಯೊಳಗೆ ಸಾಗಿ ಗಲ್ಲದ ಎರಡೂ ಪಕ್ಕ ತೂತಿನಿಂದ ಹೊರಬರುತ್ತದೆ. ಅದಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿಯುತ್ತದೆ. ಆದ್ದರಿಂದ ಎರಡು ಇಂಪ್ಲಾಂಟ್ ಮುಂದೆ ನೇರವಾಗಿ, ಇನ್ನೆರಡು ಆ ತೂತಿಗೆ ಮುಂಚೆಯೇ ಇಳಿದು ಹಿಂದಕ್ಕೆ ವಾಲಿದಂತೆ ಬರಬೇಕು. ವಾಲಿದ್ದರಿಂದ ಹಲ್ಲಿನ ಸಾಲನ್ನು ಹಿಂದಿನವರೆಗೆ ಒಯ್ಯಬಹುದು. ಪೋರ್ಚುಗಲ್‌ನ ವೈದ್ಯ ಪಾಲೊ ಮಾಲೊ ಮುಂದೆ ತಂದ ‘ಆಲ್ ಆನ್ ಫೋರ್’ ವಿಧಾನ ಇದೇ. ಟೈಟಾನಿಯಂ ಮೂಳೆಯ ಜೊತೆ ಬೆಸೆದುಕೊಳ್ಳುತ್ತದೆ ಎಂದು ಕಂಡುಕೊಂಡವರು ಸ್ವೀಡನ್‌ನ ಬ್ರೊನೆಮಾರ್ಕ್. ಅವರು ಮೊದಲ ರೋಗಿಗೆ ಹಾಕಿದ್ದು 1965ರಲ್ಲಿ. ಆ ಇಂಪ್ಲಾಂಟ್‌ಗಳು 40 ವರ್ಷ, ರೋಗಿ ತೀರಿಕೊಳ್ಳುವವರೆಗೂ, ಬಾಯಲ್ಲಿದ್ದವು.

ಮಂಪರು ಕೊಡದೆ, ಜಾಗ ಮಾತ್ರ ಮರಗಟ್ಟಿಸಿ ಶುರು ಮಾಡಿದೆವು. ಚೂಪು ಮೂಳೆಯನ್ನು 4 ಮಿಲಿಮೀಟರ್ ತೆಗೆದು ಸಮ ಮಾಡಿದೆ. ಮೂರು ಇಂಪ್ಲಾಂಟ್ 40 ನ್ಯೂಟನ್ ಸೆಂಟಿಮೀಟರಿಗಿಂತ ಮೇಲೆ ಬಿಗಿಯಾದವು. ಸ್ಕ್ರೂ ಎಷ್ಟು ಬಿಗಿಯಾಗಿ ಕೂತಿದೆ ಎಂದು ಹೇಳುವ ಅಳತೆ ಅದು. ನಾಲ್ಕನೆಯದು, ಎಡಹಿಂದಿನದು, 20 ದಾಟಲಿಲ್ಲ. ಅದೇ ದಿನ ಫಿಕ್ಸ್ ಹಲ್ಲು ಕೂರಿಸಬೇಕೆಂದರೆ ಸಾಮಾನ್ಯವಾಗಿ 35 ಆದರೂ ಬೇಕು.

ಮಗ ಹೊರಗೆ ಕಾಯುತ್ತಿದ್ದರು. ಸಂಜೆಗೆ ಅಮ್ಮ ಫಿಕ್ಸ್ ಹಲ್ಲು ಹಾಕಿಕೊಂಡು ಬರುತ್ತಾರೆ ಎಂದು ಅವರ ಆಸೆ. ಸಕ್ಕರೆ, ಮೂಳೆ ಔಷಧಿ, ಸಡಿಲ ಹಿಡಿತ, ಮೂರೂ ಒಟ್ಟಿಗೆ ಇರುವಾಗ ನಾನು ಧೈರ್ಯ ಮಾಡಲಿಲ್ಲ. ನಾಲ್ಕನ್ನೂ ವಸಡಿನ ಕೆಳಗೆ ಮುಚ್ಚಿ ಹೊಲಿದೆ. ಹೊರಗೆ ಬಂದು ಹೇಳಿದೆ. ಅವರ ಮುಖ ಸಪ್ಪಗಾಯಿತು. ಒಂದೇ ದಿನದಲ್ಲಿ ಕೂರಿಸುವ ಹಲ್ಲು ಹೇಗೂ ತಾತ್ಕಾಲಿಕದ್ದು, ಮೂಳೆ ಬೆಸೆಯಲು ಎಲ್ಲರಿಗೂ ತಿಂಗಳುಗಳೇ ಬೇಕು ಎಂದು ಮೊದಲೇ ಹೇಳಿದ್ದೆ. ಹೇಳಿದ್ದು ಬೇರೆ, ಆ ಸಂಜೆ ಅದನ್ನು ಕೇಳುವುದು ಬೇರೆ.

ಎರಡು ವಾರ ಕೆಳಗೆ ಏನೂ ಇಲ್ಲ. ಗಂಜಿ, ಮೆತ್ತಗಿನ ಅನ್ನ, ಮೊಟ್ಟೆ, ಮುದ್ದೆ. ನುಂಗುವ ಊಟ ಈ ಸಲ ನಮಗೇ ನೆರವಾಯಿತು. ಆಮೇಲೆ ಕೆಳಸೆಟ್ಟಿನ ಒಳಭಾಗ ಕೆರೆದು ಮೆತ್ತನೆ ಲೈನಿಂಗ್ ಹಾಕಿ ಕೊಟ್ಟೆ. ಚೂಪು ಹೋಗಿದ್ದರಿಂದ ಅದೇ ಸೆಟ್ಟು ಮೊದಲಿಗಿಂತ ಹಿತವಾಗಿತ್ತು.

ಸೆಪ್ಟೆಂಬರ್‌ನಲ್ಲಿ ತೆರೆದಾಗ ನಾಲ್ಕೂ ಗಟ್ಟಿ. ಎಡಹಿಂದಿನದನ್ನು ಪರೀಕ್ಷಿಸುವಾಗ ನಾನು ಉಸಿರು ಹಿಡಿದಿದ್ದೆ. ಎರಡು ವಾರದ ನಂತರ ಅಕ್ರಿಲಿಕ್ ತಾತ್ಕಾಲಿಕ ಹಲ್ಲನ್ನು ಸ್ಕ್ರೂ ಹಾಕಿ ಬಿಗಿದೆ. ಅಜ್ಜಿ ನಾಲಿಗೆಯಿಂದ ಒತ್ತಿ ಒತ್ತಿ ನೋಡಿದರು. ಅಲುಗಾಡಲಿಲ್ಲ. ಏನೂ ಮಾತಾಡಲಿಲ್ಲ ಅವರು. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು.

ಅಕ್ಟೋಬರ್‌ನಲ್ಲಿ ಆ ಹಲ್ಲಿನ ಬಲತುದಿ ಬಿರುಕು ಬಿಟ್ಟಿತು. ಅಡಿಕೆ. ಅಂದೇ ಅಂಟಿಸಿಕೊಟ್ಟು, ಅಡಿಕೆ ಬಿಡಲೇಬೇಕು ಎಂದೆ. ಹಲ್ಲಿಗಿಂತ ದೊಡ್ಡ ಕಾರಣ ಕ್ಯಾನ್ಸರ್ ಎಂದೂ ಹೇಳಿದೆ. ಬಿಟ್ಟರು. ಆಗಾಗ ಏಲಕ್ಕಿ ಹಾಕಿಕೊಳ್ಳುತ್ತಾರೆ.

ಡಿಸೆಂಬರ್‌ನಲ್ಲಿ ಕೊನೆಯ ಹಲ್ಲು. ಜಿರ್ಕೋನಿಯಾ ಎಂಬ ಬಹಳ ಗಟ್ಟಿ ಪಿಂಗಾಣಿ ಬೇಡ ಎಂದು ಟೈಟಾನಿಯಂ ಚೌಕಟ್ಟಿನ ಮೇಲೆ ಅಕ್ರಿಲಿಕ್ ಹಲ್ಲು ಆರಿಸಿದೆ. ಒಂದು ಹಲ್ಲು ಎದ್ದರೆ ನಮ್ಮಲ್ಲೇ ಸರಿಮಾಡಬಹುದು. ಮೇಲಿನ ಸೆಟ್ಟಿನ ಮೇಲೂ ಪೆಟ್ಟು ಕಡಿಮೆ. ಕೆಳಗೆ ಗಟ್ಟಿ ಹಲ್ಲು, ಮೇಲೆ ಸೆಟ್ಟು ಇರುವವರಲ್ಲಿ ಒಂದು ತೊಂದರೆ ಬರಬಹುದು. ಮುಂದಿನ ಹಲ್ಲಿನಲ್ಲೇ ಕಚ್ಚುತ್ತಾ ಹೋದರೆ ಮೇಲ್ದವಡೆಯ ಮುಂಭಾಗ ಕರಗುತ್ತದೆ. ಅದಕ್ಕೇ ಹಿಂದಿನ ಹಲ್ಲುಗಳು ಚೆನ್ನಾಗಿ ಕೂಡುವಂತೆ ಜೋಡಿಸಿದೆ. ಮೇಲಿನ ಸೆಟ್ಟನ್ನು ವರ್ಷಕ್ಕೊಮ್ಮೆ ನೋಡಿ, ಸಡಿಲವಾದರೆ ಒಳಗೆ ತುಂಬಿಸಬೇಕು. ಎಲ್ಲ ಸೇರಿ ಖರ್ಚು 3 ಲಕ್ಷದ ಒಳಗೆ ಮುಗಿಯಿತು.

ಮತ್ತೆ ಸಂಕ್ರಾಂತಿ

ಹಬ್ಬದ ಮಾರನೇ ವಾರ ಅಜ್ಜಿ ತಪಾಸಣೆಗೆ ಬಂದರು. ತೂಕ 49.5. ಹಿಮೋಗ್ಲೋಬಿನ್ 11.2. ಇದರಲ್ಲಿ ಕಬ್ಬಿಣದ ಮಾತ್ರೆಯ ಪಾಲೂ ಇದೆ, ಸೊಸೆಯ ಪಾಲು ಅದಕ್ಕಿಂತ ದೊಡ್ಡದು. ಹಲ್ಲು ಗಟ್ಟಿಯಾದ ಮಾತ್ರಕ್ಕೆ ಊಟ ತಾನಾಗಿ ಬದಲಾಗುವುದಿಲ್ಲ. ವರ್ಷಗಟ್ಟಲೆ ನುಂಗಿ ಅಭ್ಯಾಸವಾದವರು ಆಮೇಲೂ ನುಂಗುವುದನ್ನೇ ತಿನ್ನುತ್ತಾರೆ. ಸೊಸೆ ದಿನಾ ಒಂದು ಬಟ್ಟಲು ಕೋಸಂಬರಿಯನ್ನೋ, ಸೌತೆಕಾಯಿ ಹೋಳನ್ನೋ ಅತ್ತೆಯ ಪಕ್ಕ ಇಟ್ಟು, ಜೊತೆಗೆ ಕೂತು ತಾನೂ ತಿನ್ನುತ್ತಿದ್ದರಂತೆ.

ನನಗೆಂದು ಅಜ್ಜಿ ಎಳ್ಳು ಬೆಲ್ಲದ ಪೊಟ್ಟಣ, ಒಂದು ಗಿಟುಕು ಕೊಬ್ಬರಿ ತಂದಿದ್ದರು. “ಈ ಸಲ ತಿಂದ್ರಾ ಅಜ್ಜಿ?” ಎಂದೆ. “ಬಾಯಿ ತೆಗೀತೀನಿ, ನೀವೇ ನೋಡಿ” ಎಂದರು.

ಸ್ಕ್ರೂ ಬಿಚ್ಚಿ ಹಲ್ಲಿನ ಸಾಲು ತೆಗೆದೆ. ವಸಡು ತಿಳಿಗುಲಾಬಿ, ಮೂರು ಇಂಪ್ಲಾಂಟ್ ಸುತ್ತ ಶುದ್ಧ. ಎಡಹಿಂದಿನ ನಾಲ್ಕನೆಯದರ ಪಕ್ಕ ಐದಾರು ಎಳ್ಳು ಕೂತಿದ್ದವು, ವಸಡು ಸ್ವಲ್ಪ ಕೆಂಪಗಿತ್ತು. ಅವರ ಬಲಗೈ ಬ್ರಷ್ ಅಲ್ಲಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಹಾಗೇ ಬಿಟ್ಟರೆ ಕೆಂಪು ಒಳಗಿಳಿದು ಮೂಳೆ ಕರಗಲು ಶುರುವಾಗುತ್ತದೆ. ತೊಳೆದೆ. ಬ್ರಷ್ಷಿನ ಕುತ್ತಿಗೆಯನ್ನು ಸ್ವಲ್ಪ ಬಗ್ಗಿಸಿ, ಕನ್ನಡಿ ಹಿಡಿದು, ಆ ಸಂದಿಗೆ ಹೋಗುವ ದಾರಿಯನ್ನು ನಾಲ್ಕು ಸಲ ಮಾಡಿಸಿದೆ. ಐದನೇ ಸಲ ಅವರೇ ಮಾಡಿದರು. ಆರು ತಿಂಗಳಿಗೊಮ್ಮೆ ಎಂದಿದ್ದ ತಪಾಸಣೆಯನ್ನು ಮೂರು ತಿಂಗಳಿಗೆ ಇಳಿಸಿ, ಯುಗಾದಿ ಮುಗಿದ ಮೇಲೆ ಬನ್ನಿ ಎಂದು ಚೀಟಿ ಬರೆದುಕೊಟ್ಟೆ.